ಚಾರ್ಲಿ ಮಾರಿಯಾನೊ: ಸ್ಯಾಕ್ಸೊಫೋನ್ ಜೊತೆ ನಾಗಸ್ವರವನ್ನೂ ಹಿಡಿದ ಬಾಸ್ಟನ್ನಿನವರ ಬಗ್ಗೆ ಯಾರಿಗಾದರೂ ಗೊತ್ತಾ?

ಅವೆನ್ಯೂ ರೋಡ್ ಹುಳ:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಹಳೇ ಎಲ್‌ಪಿ ಮಾರುವ ಒಂದು ಅಂಗಡಿಯಲ್ಲಿ ಎರಡು ಗಂಟೆ ಧೂಳು ಕುಡಿದೆ. ದೇವರನಾಮಗಳ ಕಟ್ಟಿನ ಮಧ್ಯೆ ಒಂದು ತಟ್ಟೆ ಸಿಕ್ಕಿತು. ಹೆಸರು 'ಜ್ಯೋತಿ'. ಕೆಳಗೆ ನೋಡಿದರೆ ಚಾರ್ಲಿ ಮಾರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅಂತ ಇದೆ. ಕಂಪನಿ ಜರ್ಮನಿಯ ಇಸಿಎಂ. ಅಂಗಡಿಯವರು ಹೆಸರು ಓದಿ ಯಾವುದೋ ಭಕ್ತಿಗೀತೆ ಅಂದುಕೊಂಡು ಅಲ್ಲಿ ತುರುಕಿದ್ದರು ಅಂತ ಕಾಣುತ್ತೆ. ದೇವರನಾಮದ ರೇಟಿಗೇ ಕೊಟ್ಟರು. ನಾನೂ ತುಟಿಪಿಟಿಕ್ ಅನ್ನದೆ ದುಡ್ಡು ಕೊಟ್ಟು ಬಂದೆ.

ಮನೇಲಿ ಹಾಕಿದೆ. ಶುರುವಿನಲ್ಲಿ ಒಂದು ಹೆಣ್ಣಿನ ದನಿ ಮಾತ್ರ. ಅಪ್ಪ ಪಕ್ಕದ ರೂಮಿನಲ್ಲಿ ಪೇಪರ್ ಓದುತ್ತಿದ್ದರು. ಅಲ್ಲಿಂದಲೇ 'ಯಾರೋ ಇದು, ಚೆನ್ನಾಗಿ ಹಾಡ್ತಾರೆ' ಅಂದರು. ಆಮೇಲೆ ಸ್ಯಾಕ್ಸೊಫೋನ್ ಬಂತು. ಎದ್ದು ಬಂದರು. 'ಕದ್ರಿನಾ?' ಅಂದರು, ಸ್ಯಾಕ್ಸೊಫೋನಿನ ಕದ್ರಿ ಗೋಪಾಲನಾಥರಾ ಅಂತ. ಸ್ವಲ್ಪ ಹೊತ್ತು ಕೇಳಿ ಅವರೇ ತಲೆ ಅಲ್ಲಾಡಿಸಿದರು. 'ಅಲ್ಲ, ಇವನು ಬೇರೆ ಕಡೆಯವನು. ಆದ್ರೆ ತಾಳ ಗೊತ್ತಿದೆ ಇವನಿಗೆ.'

ಯಾರು ಈ ಮನುಷ್ಯ? ಬೆಂಗಳೂರಿನವರ ಜೊತೆ ಹೇಗೆ ಸೇರಿಕೊಂಡರು? ಗೊತ್ತಿರುವವರು ಬರೆಯಿರಿ, ಪುಣ್ಯ ಬರುತ್ತೆ.

ಹಳೇ ಕ್ಯಾಸೆಟ್:
ಅಯ್ಯೋ, ಆ ತಟ್ಟೆ ನಿಮಗೆ ಸಿಕ್ತಾ! ಹೊಟ್ಟೆಕಿಚ್ಚು ಪಟ್ಟುಕೊಂಡೇ ಬರೀತಿದ್ದೇನೆ.

ಮಾರಿಯಾನೊ ಹುಟ್ಟಿದ್ದು 1923ರ ನವೆಂಬರ್ 12ಕ್ಕೆ, ಬಾಸ್ಟನ್‌ನಲ್ಲಿ. ಅಪ್ಪ ಅಮ್ಮ ಇಟಲಿಯಿಂದ ವಲಸೆ ಬಂದವರು. ಯುದ್ಧದ ಕಾಲದಲ್ಲಿ ಸೈನ್ಯದ ಬ್ಯಾಂಡಿನಲ್ಲಿ ಊದಿದರು. ಆ ಕಾಲದ ಎಲ್ಲ ಆಲ್ಟೊ ಸ್ಯಾಕ್ಸ್ (ಸ್ಯಾಕ್ಸೊಫೋನಿನ ಒಂದು ಬಗೆ) ಹುಡುಗರ ಹಾಗೆ ಇವರಿಗೂ ಜಾಝ್‌ನ ದೊಡ್ಡ ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಹುಚ್ಚು. ಯುದ್ಧ ಮುಗಿದ ಮೇಲೆ ಬಾಸ್ಟನ್‌ನಲ್ಲಿ ಶಿಲಿಂಗರ್ ಹೌಸ್ ಅನ್ನೋ ಸಂಗೀತ ಶಾಲೆ ಸೇರಿದರು. 1945ರಲ್ಲಿ ಶುರುವಾದ ಆ ಶಾಲೆಯೇ ಮುಂದೆ ಬರ್ಕ್ಲೀ ಆಯಿತು. ಈಗ ನಮ್ಮ ಬೆಂಗಳೂರಿನ ಹುಡುಗರು ಲಕ್ಷಗಟ್ಟಲೆ ಸಾಲ ಮಾಡಿ ಹೋಗ್ತಾರಲ್ಲ, ಅದೇ. ಮುಂದೆ ಮಾರಿಯಾನೊ ಅಲ್ಲೇ ಮೇಷ್ಟ್ರಾಗಿಯೂ ಇದ್ದರು.

1953ರಲ್ಲಿ ಸ್ಟಾನ್ ಕೆಂಟನ್ ಅವರ ದೊಡ್ಡ ಬ್ಯಾಂಡಿಗೆ ಸೇರಿದರು. ಹೆಸರು ಬಂದದ್ದು ಅಲ್ಲಿ. 1955ರ ಧ್ವನಿಮುದ್ರಣಗಳಲ್ಲಿ 'ಸ್ಟೆಲ್ಲಾ ಬೈ ಸ್ಟಾರ್‌ಲೈಟ್' ಇದೆ, ಹುಡುಕಿ ಕೇಳಿ. ಅಷ್ಟು ದೊಡ್ಡ ಬ್ಯಾಂಡ್ ಹಿಂದೆ ಸರಿದು ನಿಂತಿರುತ್ತೆ, ಮುಂದೆ ಇವರ ಆಲ್ಟೊ ಒಂದೇ. ಆಗಿನ್ನೂ ಇಂಡಿಯಾದ ಗಾಳಿ ಸೋಕಿರಲಿಲ್ಲ. ಆದರೂ ಸ್ವರವನ್ನು ಎಳೆಯುವ, ಸ್ವಲ್ಪ ಕೆಳಗಿಂದ ಹತ್ತಿಸಿ ತರುವ ಅಭ್ಯಾಸ ಆಗಲೇ ಇತ್ತು.

ಬರ್ಕ್ಲೀಗೆ ಜಪಾನಿನಿಂದ ಓದಲು ಬಂದಿದ್ದ ಪಿಯಾನೊ ವಾದಕಿ ತೋಶಿಕೊ ಅಕಿಯೋಶಿ ಅವರನ್ನು 1959ರಲ್ಲಿ ಮದುವೆಯಾದರು. ಇಬ್ಬರೂ ಸೇರಿ ನಾಲ್ಕು ಜನರ ಒಂದು ಕ್ವಾರ್ಟೆಟ್ ಕಟ್ಟಿದರು, ಜಪಾನಿನಲ್ಲೂ ಇದ್ದರು. ಮಗಳು ಮಂಡೇ ಮಿಚಿರು ಈಗ ಹೆಸರಾಂತ ಗಾಯಕಿ. ಮದುವೆ ಉಳಿಯಲಿಲ್ಲ. ಆದರೆ ಪೂರ್ವದ ಕಡೆ ಕಿವಿ ತೆರೆದದ್ದು ಆ ವರ್ಷಗಳಲ್ಲೇ ಅಂತ ನನ್ನ ಲೆಕ್ಕ.

ನೀಲಿ ಸ್ವರ:
ಕ್ಯಾಸೆಟ್ ಸರ್, ಮಿಂಗಸ್ ಬಿಟ್ಟೇಬಿಟ್ರಲ್ಲ!

1963ರ ಜನವರಿ 20. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ತಾವೂ ಸೇರಿ ಹನ್ನೊಂದು ಜನರನ್ನು ಕೂಡಿಹಾಕಿಕೊಂಡು 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ' ಮಾಡಿದರು. ಜಾಝ್‌ನ ದೊಡ್ಡ ತಟ್ಟೆಗಳ ಹೆಸರು ಹೇಳಿ ಅಂದರೆ ಇದು ಮೊದಲ ಹತ್ತರಲ್ಲಿ ಬರುತ್ತೆ. ಅದರ ಆಲ್ಟೊ ನಮ್ಮ ಮಾರಿಯಾನೊ. ಅವರ ಕೆಲವು ಭಾಗಗಳನ್ನು ಮಿಂಗಸ್ ಆಮೇಲೆ ಬೇರೆಯಾಗಿ ಊದಿಸಿ ಮೇಲೆ ಕೂರಿಸಿದರು. ಜಾಝ್‌ನಲ್ಲಿ ಆಗ ಅದು ಅಪರೂಪದ ಕೆಲಸ. (ಇನ್ನೊಂದು ತಮಾಷೆ: ಆ ತಟ್ಟೆಯ ಹಿಂಬದಿಯ ಟಿಪ್ಪಣಿಯ ಒಂದು ಭಾಗವನ್ನು ಮಿಂಗಸ್ ಬರೆಸಿದ್ದು ತನಗೆ ಚಿಕಿತ್ಸೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞರ ಕೈಲಿ!)

ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕೆಳಗೆ ಟ್ಯೂಬಾ, ಟ್ರೊಂಬೋನ್ ಗುರುಗುಟ್ಟುತ್ತಾ ಇರುತ್ತವೆ. ಆ ಗದ್ದಲದ ಮೇಲೆ ಒಂದು ಆಲ್ಟೊ ಅಳುತ್ತೆ. ನಿಜವಾಗಿ ಅಳುತ್ತೆ. ಸಾವಿನ ಮನೆಯಲ್ಲಿ ಹೆಂಗಸರು ರಾಗ ತೆಗೆದು ಅಳ್ತಾರಲ್ಲ, ಒಂದು ಮಾತು ಹೇಳಿ ಕೊನೆಯನ್ನು ಎಳೆದು ಇಳಿಸ್ತಾರಲ್ಲ, ಹಾಗೆ. ಇವರು ಇಷ್ಟೇ ಮಾಡಿ ಸುಮ್ನೆ ಕೂತಿದ್ದರೂ ಹೆಸರು ಉಳಿಯುತ್ತಿತ್ತು.

ಅವೆನ್ಯೂ ರೋಡ್ ಹುಳ:
ಕೇಳಿದೆ. ರಾತ್ರಿ ಹನ್ನೊಂದಕ್ಕೆ ಕೇಳಬಾರದಿತ್ತು, ನಿದ್ದೆ ಹಾರಿಹೋಯಿತು. ಆದರೆ ಇಲ್ಲಿಂದ ನಾಗಸ್ವರಕ್ಕೆ ಹೇಗೆ ಬಂದರು?

ಹಳೇ ಕ್ಯಾಸೆಟ್:
ಮಲೇಷ್ಯಾ ಮೂಲಕ! 1960ರ ದಶಕದ ದ್ವಿತೀಯಾರ್ಧದಲ್ಲಿ ಅವರು ಅಲ್ಲಿಯ ರೇಡಿಯೊ ಆರ್ಕೆಸ್ಟ್ರಾದ ಜೊತೆ ಕೆಲಸ ಮಾಡಲು ಕ್ವಾಲಾಲಂಪುರಕ್ಕೆ ಹೋದರು. ಅಲ್ಲಿ ತಮಿಳರು ಜಾಸ್ತಿ, ದೇವಸ್ಥಾನಗಳೂ ಜಾಸ್ತಿ. ನಾಗಸ್ವರ ಕಿವಿಗೆ ಬಿದ್ದದ್ದು ಅಲ್ಲೇ. ಬಿದ್ದ ಮೇಲೆ ಬಿಡಲಿಲ್ಲ, ಕಲಿಯೋಕೆ ಕೂತರು. ಆಮೇಲೆ ಇಂಡಿಯಾಕ್ಕೂ ಬಂದು ಕಲಿತರು. ಆಗ ವಯಸ್ಸು ನಲವತ್ತು ದಾಟಿತ್ತು. ಅಮೆರಿಕದಲ್ಲಿ ಒಳ್ಳೇ ಹೆಸರು, ಬರ್ಕ್ಲೀಯಲ್ಲಿ ಮೇಷ್ಟ್ರ ಕೆಲಸ. ಅಂಥವರು ಇನ್ನೊಂದು ವಾದ್ಯಕ್ಕೆ ಒಂದನೇ ಕ್ಲಾಸಿನಿಂದ ಕೂತರು ಅನ್ನೋದೇ ನನಗೆ ದೊಡ್ಡದು.

ಬಂಟ್ವಾಳದ ಹುಡುಗಿ:
ಇದುವರೆಗೆ ಸುಮ್ನೆ ಓದ್ತಾ ಇದ್ದೆ. ನಾಗಸ್ವರ ಅಂದ ಮೇಲೆ ಬಾಯಿ ಹಾಕಲೇಬೇಕು. ನಮ್ಮ ಅಜ್ಜ ದೇವಸ್ಥಾನದಲ್ಲಿ ವಾಲಗದವರು.

ಸ್ಯಾಕ್ಸೊಫೋನ್ ಊದುವವರಿಗೆ ನಾಗಸ್ವರ ಸುಲಭ ಅಂತ ಯಾರೂ ತಿಳ್ಕೊಳ್ಳಬೇಡಿ ಮಾರಾಯ್ರೆ. ಸ್ಯಾಕ್ಸ್‌ಗೆ ಊದಿದಾಗ ಅದುರುವ ಪಟ್ಟಿ ಒಂದೇ, ಬಾಯಿಯಲ್ಲಿ ಆರಾಮವಾಗಿ ಕೂರುತ್ತೆ. ಬೆರಳಿಗೆ ಕೀಲಿಗಳಿವೆ, ಒತ್ತಿದರೆ ತೂತು ತಾನೇ ಪೂರ್ತಿ ಮುಚ್ಚುತ್ತೆ. ನಾಗಸ್ವರಕ್ಕೆ ಜೋಡಿ ಓಲೆ. ಕೆಳಗೆ ಏಳು ತೂತು, ಕೀಲಿ ಗೀಲಿ ಏನೂ ಇಲ್ಲ. ಬೆರಳನ್ನು ಅರ್ಧ ಎತ್ತಿದರೆ ಒಂದು ಸ್ವರ, ಕಾಲು ಎತ್ತಿದರೆ ಇನ್ನೊಂದು. ಅದರ ಮೇಲೆ ಉಸಿರಿನ ಜೋರು ಬೇರೆ. ಅಜ್ಜ ಬೆಳಿಗ್ಗೆ ಓಲೆಯನ್ನು ತುಟಿಯಲ್ಲಿಟ್ಟು ಎಂಜಲಿನಲ್ಲಿ ನೆನೆಸಿ, ಪೀ ಪೀ ಅಂತ ನೋಡಿ, ಮೂತಿ ಸೊಟ್ಟ ಮಾಡಿ ಇನ್ನೊಂದು ತೆಗೀತಿದ್ದರು. ಸರಿಯಾದ ಓಲೆ ಸಿಗೋವರೆಗೂ ಮನೆಯಲ್ಲಿ ಯಾರೂ ಮಾತಾಡಿಸುವ ಹಾಗಿಲ್ಲ.

ಇನ್ನೊಂದು ವಿಷಯ ಯಾರಿಗೂ ಹೊಳೆದಿಲ್ವಾ? ನಮ್ಮ ಕದ್ರಿ ಗೋಪಾಲನಾಥರು ಸಜಿಪಮೂಡದವರು, ನಮ್ಮ ಬಂಟ್ವಾಳ ತಾಲೂಕು. ಅವರ ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತು ಅದನ್ನು ಹಿಡಿದರು. ಅಂದರೆ ಇಲ್ಲಿಂದ ಒಬ್ಬರು ನಾಗಸ್ವರದ ಮನೆಯಿಂದ ಹೊರಟು ಸ್ಯಾಕ್ಸ್‌ಗೆ ಹೋದರು. ಅಲ್ಲಿಂದ ಒಬ್ಬರು ಸ್ಯಾಕ್ಸ್‌ನಿಂದ ಹೊರಟು ನಾಗಸ್ವರಕ್ಕೆ ಬಂದರು. ಇಬ್ಬರೂ ಎದುರುಬದುರು ಬಸ್ಸಿನಲ್ಲಿ ಹೋದ ಹಾಗೆ!

ಹಳೇ ಕ್ಯಾಸೆಟ್:
ಭೇಷ್ ಮಗಳೇ. ಇಷ್ಟು ವರ್ಷದಿಂದ ಇಬ್ಬರನ್ನೂ ಕೇಳ್ತಿದ್ದೇನೆ, ನನಗೆ ಇದು ಹೊಳೆದೇ ಇರಲಿಲ್ಲ.

ಶುದ್ಧ ಸಾವೇರಿ:
ಎಲ್ಲರೂ ಹೊಗಳುವಾಗ ನಾನೊಬ್ಬ ಅಡ್ಡಗಾಲು. ಕ್ಷಮಿಸಿ. ಫ್ಯೂಷನ್ ಅಂದರೆ ನನಗೆ ಗೋಬಿ ಮಂಚೂರಿ ದೋಸೆ. ಗೋಬಿಯೂ ಕೆಟ್ಟಿತು, ದೋಸೆಯೂ ಕೆಟ್ಟಿತು. 'ಜ್ಯೋತಿ' ನಾನೂ ಕೇಳಿದ್ದೇನೆ. ಅದರ ಗಾಯಕಿ ರಾಮಮಣಿಯವರು ಹಾಡುವಾಗ ರಾಗ ನಿಲ್ಲುತ್ತೆ. ಇವರು ಊದೋಕೆ ಶುರು ಮಾಡಿದರೆ ರಾಗದ ಸ್ವರಗಳಿರುತ್ತವೆ, ರಾಗ ಇರಲ್ಲ. ಗಮಕ (ಸ್ವರವನ್ನು ಅಲುಗಿಸಿ ತೂಗೋದು) ಇಲ್ಲದ ತೋಡಿ ರಾಗ ತೋಡಿಯಾ? ಕೆಲವು ವರ್ಷ ಕಲಿತವರನ್ನು ಹೊರದೇಶದವರು ಅನ್ನೋ ಕಾರಣಕ್ಕೆ ತಲೆ ಮೇಲೆ ಹೊತ್ತುಕೊಳ್ಳೋದು ನಮ್ಮ ಹಳೇ ರೋಗ. ನಮ್ಮೂರಲ್ಲಿ ಮೂವತ್ತು ವರ್ಷ ಊದಿದ ವಾಲಗದವರಿಗೆ ಮದುವೆ ಮನೆಯಲ್ಲಿ ಊಟ ಕೊನೇ ಪಂಕ್ತಿಯಲ್ಲಿ.

ಬಂಟ್ವಾಳದ ಹುಡುಗಿ:
ಕೊನೇ ಮಾತು ನೂರಕ್ಕೆ ನೂರು ನಿಜ. ಅಜ್ಜ ಇದ್ದಿದ್ದರೆ ನಿಮ್ಮ ಕೈ ಕುಲುಕುತ್ತಿದ್ದರು. ಉಳಿದದ್ದಕ್ಕೆ ತಾಳ ಗೊತ್ತಿರುವವರು ಉತ್ತರ ಕೊಡಲಿ.

ತಕಧಿಮಿ:
ನನ್ನನ್ನೇ ಕರೆದ ಹಾಗಾಯಿತು. ನಾನು ಮೃದಂಗ ಕಲೀತಿರುವವನು, ದೊಡ್ಡ ವಿದ್ವಾಂಸನೇನಲ್ಲ.

ಮೊದಲು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ 1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು ಕಟ್ಟಿದ ಸಂಸ್ಥೆ. ಬರೀ ಲಯವಾದ್ಯಗಳ 'ತಾಳ ತರಂಗಿಣಿ' ಅನ್ನೋ ಮೇಳವೂ ಅವರದೇ. ಪಕ್ಕವಾದ್ಯದವರು ಅಂತ ಪಕ್ಕಕ್ಕೆ ಕೂರಿಸಿದ್ದವರನ್ನು ವೇದಿಕೆಯ ನಡುವೆ ತಂದು ಕೂರಿಸಿದರು. ಗಾಯಕಿ ಆರ್.ಎ. ರಾಮಮಣಿಯವರು ಅವರ ಪತ್ನಿ. ಹಾಡುವುದಷ್ಟೇ ಅಲ್ಲ, ರಚನೆಯನ್ನೂ ಮಾಡುವವರು. ಮಣಿಯವರು 2020ರಲ್ಲಿ ತೀರಿಕೊಂಡರು.

'ಜ್ಯೋತಿ' ಆದದ್ದು 1983ರಲ್ಲಿ. ಪ್ರೊಡ್ಯೂಸರ್ ಮಾನ್‌ಫ್ರೆಡ್ ಐಶರ್. ಮಾರಿಯಾನೊ ಸ್ಯಾಕ್ಸ್ ಮತ್ತು ಕೊಳಲು, ರಾಮಮಣಿ ಹಾಡು ಮತ್ತು ತಂಬೂರಿ, ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ. ಐದೇ ಜನ. ಪಿಯಾನೊ ಇಲ್ಲ, ಬೇಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಇದನ್ನು ಗಮನಿಸಿ. ಸಾಮಾನ್ಯವಾಗಿ ಫ್ಯೂಷನ್ ಅಂದರೆ ಜಾಝ್ ಬ್ಯಾಂಡ್ ಪೂರ್ತಿ ಇರುತ್ತೆ, ಮೂಲೆಯಲ್ಲಿ ಒಬ್ಬ ತಬಲಾ ಇಟ್ಟುಕೊಂಡು ಕೂತಿರ್ತಾನೆ, ಉಪ್ಪಿನಕಾಯಿ ಥರ. ಇಲ್ಲಿ ಉಲ್ಟಾ. ನಾಲ್ಕು ಜನ ನಮ್ಮವರು, ಒಬ್ಬರು ಅತಿಥಿ. ಮನೆಯ ಪದ್ಧತಿಗೆ ಅತಿಥಿ ಹೊಂದಿಕೊಂಡಿದ್ದಾರೆ.

ಈಗ ಸಾವೇರಿಯವರ ಪ್ರಶ್ನೆ. ಗಮಕದ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ತೇನೆ. ಅವರು ವಿದ್ವಾಂಸರ ಹಾಗೆ ರಾಗ ಹಾಡಲ್ಲ. ಆದರೆ ಹಾಡ್ತೇನೆ ಅಂತ ನಾಟಕವನ್ನೂ ಆಡಲ್ಲ. ಅವರ ದನಿ ಬಾಸ್ಟನ್ನಿನದೇ. ನನಗೆ ಅವರ ಕಲಿಕೆ ಕಾಣೋದು ತಾಳದಲ್ಲಿ. ಏಳಕ್ಷರ ತಗೊಳ್ಳಿ: ತಕಿಟ ತಕಧಿಮಿ. ನಾಲ್ಕರಲ್ಲಿ ಬೆಳೆದ ಜಾಝ್‌ನವರು ಏಳಕ್ಕೆ ಬಂದರೆ ಬೆರಳು ಎಣಿಸ್ತಾ ಇರ್ತಾರೆ, ಅದು ಊದುವಾಗ ಕೇಳಿಸಿಬಿಡುತ್ತೆ. ಪ್ರತಿ ಸಮಕ್ಕೂ (ತಾಳದ ಸುತ್ತು ಶುರುವಾಗುವ ಪೆಟ್ಟಿಗೂ) ಬಂದು ಮೊಳೆ ಹೊಡೆದ ಹಾಗೆ ಒಂದು ಸ್ವರ ಹೊಡೀತಾರೆ, ಕಳೆದುಹೋಗಿಲ್ಲ ಅಂತ ತೋರಿಸೋಕೆ. ಮಾರಿಯಾನೊ ಹಾಗೆ ಮಾಡಲ್ಲ. ಒಂದು ಉದ್ದನೆಯ ಮಾತು ಶುರು ಮಾಡಿ, ಸಮದ ಮೇಲೇ ನಡೆದುಕೊಂಡು ಹೋಗಿ, ಆಚೆ ಎಲ್ಲೋ ನಿಲ್ಲಿಸ್ತಾರೆ. ಮುಕ್ತಾಯಕ್ಕೆ ಎಲ್ಲರೂ ಒಟ್ಟಿಗೆ ಬಂದು ಇಳಿಯುವಾಗ ಅವರೂ ಅಲ್ಲೇ ಇರ್ತಾರೆ. ನಮ್ಮ ಮೇಷ್ಟ್ರು ಹೇಳೋ ಹಾಗೆ, ಲೆಕ್ಕ ಹೊಟ್ಟೆಯೊಳಗೆ ಹೋಗಿರಬೇಕು, ಮುಖದ ಮೇಲೆ ಕಾಣಬಾರದು.

ನೀಲಿ ಸ್ವರ:
ತಕಧಿಮಿಯವರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಜಾಝ್ ಕಡೆಯಿಂದ ನನ್ನದೊಂದು ಸೇರಿಕೆ.

ಪಾರ್ಕರ್ ಕಾಲದ ಜಾಝ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಪಟಪಟ ಬದಲಾಗುತ್ತವೆ. ಪ್ರತಿ ಅರ್ಧ ಸೆಕೆಂಡಿಗೆ ಕಾಲಡಿಯ ನೆಲ ಬೇರೆ. ಆ ಓಟದಲ್ಲೇ ಮಾರಿಯಾನೊ ಬೆಳೆದದ್ದು. ತಂಬೂರಿಯ ಶ್ರುತಿಯ ಮೇಲೆ ನಿಂತಾಗ ನೆಲ ಅಲುಗಾಡೋದೇ ಇಲ್ಲ. ಓಡೋದು ಬಿಟ್ಟು ಅಗೆಯಬೇಕು. 1960ರ ದಶಕದಲ್ಲಿ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ ಮತ್ತು ಅವರ ಗುಂಪು ಆ ದಾರಿ ತೋರಿಸಿತ್ತು. ಕೋಲ್ಟ್ರೇನ್ ಅವರ ಡ್ರಮ್ಮರ್ ಎಲ್ವಿನ್ ಜೋನ್ಸ್ 1965ರಲ್ಲಿ ಮಾಡಿದ 'ಡಿಯರ್ ಜಾನ್ ಸಿ.' ತಟ್ಟೆಯಲ್ಲಿ ಆಲ್ಟೊ ಯಾರು? ಮತ್ತೆ ಇವರೇ. ಅಂದರೆ ಮಲೇಷ್ಯಾಕ್ಕೆ ಹೋಗುವ ಹೊತ್ತಿಗೇ ಕಿವಿ ಅರ್ಧ ಹದವಾಗಿತ್ತು.

ಇದೆಲ್ಲ ಒಂದೇ ತಟ್ಟೆಯಲ್ಲಿ ಬೇಕು ಅಂದರೆ ಜರ್ಮನಿಯ ಬೇಸ್ ವಾದಕ ಎಬರ್ಹಾರ್ಡ್ ವೇಬರ್ ಅವರ 'ಯೆಲ್ಲೊ ಫೀಲ್ಡ್ಸ್' ಕೇಳಿ. 1975, ಅದೂ ಇಸಿಎಂ. ಮಾರಿಯಾನೊ ಅದರಲ್ಲಿ ಸೊಪ್ರಾನೊ ಸ್ಯಾಕ್ಸ್, ಶಹನಾಯಿ, ನಾಗಸ್ವರ ಮೂರನ್ನೂ ಊದಿದ್ದಾರೆ. ಎಲೆಕ್ಟ್ರಿಕ್ ಪಿಯಾನೊ ನೀರಿನ ಹಾಗೆ ಹರೀತಿರುತ್ತೆ, ಒಳಗಿಂದ ಓಲೆಯ ದನಿ ಸೀಳಿಕೊಂಡು ಬರುತ್ತೆ. ಮೊದಲ ಸಲ ಕೇಳಿದಾಗ ಪಕ್ಕದ ಬೀದಿಯಲ್ಲಿ ಯಾವುದೋ ಉತ್ಸವ ಹೊರಟಿದೆ ಅಂತ ಕಿಟಕಿ ಹತ್ತಿರ ಹೋಗಿದ್ದೆ. ದೇವರಾಣೆ.

ಶುದ್ಧ ಸಾವೇರಿ:
ತಾಳದ ಮಾತು ಒಪ್ಪಿದೆ. ಮತ್ತೆ ಕೇಳಿ ಹೇಳ್ತೇನೆ. ಗೋಬಿ ಮಂಚೂರಿ ದೋಸೆ ವಾಪಸ್ ತಗೊಳ್ಳಲ್ಲ.

ರೈನ್ ದಂಡೆ:
ತಡವಾಗಿ ಬಂದೆ. ನಾನಿರೋದು ಜರ್ಮನಿಯ ಕಲೋನ್‌ನಲ್ಲಿ, ಊರು ತುಮಕೂರು ಕಡೆ. ಮಾರಿಯಾನೊ ಕೊನೆಗೆ ನೆಲೆ ನಿಂತದ್ದು ಈ ಊರಲ್ಲೇ. 2009ರ ಜೂನ್ 16ರಂದು ತೀರಿಕೊಂಡದ್ದೂ ಇಲ್ಲೇ, 85 ವರ್ಷಕ್ಕೆ.

ಅಮೆರಿಕದಲ್ಲಿ ಅವರ ಹೆಸರು ಮಸುಕಾಗೋಕೆ ಕಾರಣ ಇದೇ ಅಂತ ನನ್ನ ಅಂದಾಜು. 1970ರ ದಶಕದ ಶುರುವಿನಲ್ಲಿ ಯುರೋಪಿಗೆ ಬಂದುಬಿಟ್ಟರು. ಜಾಝ್‌ನ ಇತಿಹಾಸ ಬರೆಯುವವರು ಹೆಚ್ಚಿನವರು ನ್ಯೂಯಾರ್ಕ್ ಬಿಟ್ಟು ಆಚೆ ನೋಡಲ್ಲ. ಆದರೆ ಜರ್ಮನಿಯಲ್ಲಿ ಅವರನ್ನು ತಿಳಿಯದ ಸಂಗೀತಗಾರರು ಕಮ್ಮಿ. ಮ್ಯೂನಿಕ್‌ನ ಎಂಬ್ರಿಯೊ ಅನ್ನೋ ರಾಕ್ ತಂಡದ ಜೊತೆ ಊದಿದರು. ಯಾಸ್ಪರ್ ವಾನ್ಟ್ ಹಾಫ್ ಮತ್ತು ಫಿಲಿಪ್ ಕ್ಯಾಥರೀನ್ ಜೊತೆ ಪೋರ್ಕ್ ಪೈ ತಂಡ. ಆಮೇಲೆ ಯುನೈಟೆಡ್ ಜಾಝ್ ಅಂಡ್ ರಾಕ್ ಎನ್‌ಸೆಂಬಲ್. ಒಂದು ಟಿವಿ ಕಾರ್ಯಕ್ರಮಕ್ಕೆ ಅಂತ 1975ರಲ್ಲಿ ಕೂಡಿದ ತಂಡ ಅದು. ಒಬ್ಬೊಬ್ಬರೂ ಸ್ವಂತ ಬ್ಯಾಂಡಿನ ಯಜಮಾನರು. ಎಲ್ಲರೂ ದೊಡ್ಡವರು ಇದ್ದ ಮನೆಯಲ್ಲಿ ಜಗಳ ಆಗದೆ ವರ್ಷಗಟ್ಟಲೆ ನಡೆದದ್ದೇ ಪವಾಡ.

ಎಂಬ್ರಿಯೊದವರು 1978ರ ಹೊತ್ತಿಗೆ ಜರ್ಮನಿಯಿಂದ ಬಸ್ಸಿನಲ್ಲಿ ಅಫ್ಘಾನಿಸ್ತಾನ ದಾಟಿ ಇಂಡಿಯಾಕ್ಕೆ ಬಂದರು. ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆಗೂ ತಟ್ಟೆ ಮಾಡಿದರು. ಬೆಂಗಳೂರಿಗೂ ಜರ್ಮನಿಯ ಜಾಝ್‌ಗೂ ಇರುವ ಈ ದಾರಿ ಬಹಳ ಹಳೇದು. ಇಲ್ಲಿ ಕಲೋನ್‌ನಲ್ಲಿ ಈಗಲೂ ರಮೇಶ್ ಶೋಥಂ ಅವರ ಹೆಸರು ಕೇಳಿಬರುತ್ತೆ. ಡೋಲು, ಘಟ, ಖಂಜಿರ ನುಡಿಸುವವರು, ಬೆಂಗಳೂರಿನ ಅದೇ ಕಾಲೇಜಿನ ನಂಟಿನವರು, ಮಾರಿಯಾನೊ ಜೊತೆ ನುಡಿಸಿದವರು.

ಅವೆನ್ಯೂ ರೋಡ್ ಹುಳ:
ಇಷ್ಟೆಲ್ಲ ಇದ್ದೂ ನಮಗೆ ಯಾಕೆ ಗೊತ್ತಿಲ್ಲ? ತಟ್ಟೆಯ ಮೇಲೆ 'ಕರ್ನಾಟಕ' ಅಂತ ಅಚ್ಚಾಗಿದೆ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರು. ನಲವತ್ತು ವರ್ಷ ಒಬ್ಬರೂ ಹೇಳಲಿಲ್ಲ.

ಹಳೇ ಕ್ಯಾಸೆಟ್:
ಜರ್ಮನಿಯಲ್ಲಿ ಬಿಡುಗಡೆಯಾದ ತಟ್ಟೆ ಇಲ್ಲಿ ಸಿಗೋದು ಆಗ ಕಷ್ಟ, ಅದೊಂದು. ಇನ್ನೊಂದು, ಶಾಸ್ತ್ರೀಯದವರಿಗೆ ಇದು ಜಾಝ್, ಜಾಝ್‌ನವರಿಗೆ ಇದು ಶಾಸ್ತ್ರೀಯ. ಇಬ್ಬರ ಕಪಾಟಿನಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ದೇವರನಾಮದ ಕಟ್ಟಿನಲ್ಲಿ ಸಿಕ್ಕಿತು ನೋಡಿ, ನಿಮ್ಮ ಪುಣ್ಯ.

ನೀಲಿ ಸ್ವರ:
ಆದರೆ ದಾರಿ ಮುಚ್ಚಲಿಲ್ಲ ಅಲ್ವಾ. ರುದ್ರೇಶ್ ಮಹಾಂತಪ್ಪ ಇದ್ದಾರಲ್ಲ. ಹೆಸರು ನೋಡಿದರೇ ಗೊತ್ತಾಗುತ್ತೆ, ಮನೆತನದ ಮೂಲ ನಮ್ಮ ಕಡೆ. ಹುಟ್ಟಿದ್ದು ಇಟಲಿಯ ಟ್ರಿಯೆಸ್ತೆಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ವಾದ್ಯ ಆಲ್ಟೊ ಸ್ಯಾಕ್ಸ್, ಓದಿದ್ದು ಬರ್ಕ್ಲೀಯಲ್ಲೂ. ಈಗ ಪ್ರಿನ್ಸ್‌ಟನ್‌ನಲ್ಲಿ ಜಾಝ್ ಕಲಿಸ್ತಾರೆ. 2008ರಲ್ಲಿ ಕದ್ರಿಯವರ ಜೊತೆ 'ಕಿನ್ಸ್‌ಮೆನ್' ಅಂತ ತಟ್ಟೆ ಮಾಡಿದರು. ಎರಡು ಆಲ್ಟೊ ಎದುರುಬದುರು. ಒಬ್ಬರು ಪಾರ್ಕರ್ ಕಡೆಯಿಂದ, ಒಬ್ಬರು ನಾಗಸ್ವರದ ಕಡೆಯಿಂದ. ಯಾರು ಯಾರು ಅಂತ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತೆ, ಆದರೂ ಜಗಳ ಇಲ್ಲ.

ಕದ್ರಿಯವರಿಗೂ ಜಾಝ್ ಹೊಸದಾಗಿರಲಿಲ್ಲ. 1980ರ ಸುಮಾರಿಗೆ ಬಾಂಬೆಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರನ್ನು ಕೇಳಿ, ನಾನೂ ಸೇರಬಹುದಾ ಅಂತ ಜೊತೆಗೂಡಿ ಊದಿದ್ದರು.

ತಕಧಿಮಿ:
ಒಂದು ವ್ಯತ್ಯಾಸ ಇದೆ. ರುದ್ರೇಶ್ ಅವರಿಗೆ ಇದು ಮನೆಯನ್ನು ಹುಡುಕುವ ಕೆಲಸವೂ ಹೌದು. ಮಾರಿಯಾನೊಗೆ ಇಲ್ಲಿ ಅಜ್ಜನ ಮನೆ ಇರಲಿಲ್ಲ. ಕಿವಿ ಎಳೆದ ಕಡೆ ಹೋದರು. ಒಂದು ತಟ್ಟೆ ಮಾಡಿ ಫೋಟೊ ತೆಗೆಸಿಕೊಂಡು ಹೋಗಿಬಿಡಲಿಲ್ಲ, ಬೆಂಗಳೂರಿನವರ ಜೊತೆ ಆಮೇಲೂ ವರ್ಷಗಟ್ಟಲೆ ನುಡಿಸಿದರು. ಅವರದೊಂದು ತಟ್ಟೆಯ ಹೆಸರೇ 'ಬ್ಯಾಂಗಲೋರ್'.

ಶುದ್ಧ ಸಾವೇರಿ:
ಮತ್ತೆ ಕೇಳಿದೆ. ಎರಡು ಸಲ. ಹೆಡ್‌ಫೋನ್ ಹಾಕಿ, ತೊಡೆ ಮೇಲೆ ತಾಳ ಹಾಕ್ಕೊಂಡು. 'ಜ್ಯೋತಿ'ಯ 'ವರ್ಷಿಣಿ' ಅನ್ನೋ ರಚನೆಯಲ್ಲಿ ಒಂದು ಕಡೆ ನನಗೇ ತಾಳ ತಪ್ಪಿತು, ಅವರಿಗೆ ತಪ್ಪಲಿಲ್ಲ. ಇದನ್ನು ಒಪ್ಪಿಕೊಳ್ಳೋಕೆ ಎರಡು ದಿನ ಬೇಕಾಯಿತು. ಗಮಕದ ತಕರಾರು ಹಾಗೇ ಇದೆ.

ಅವೆನ್ಯೂ ರೋಡ್ ಹುಳ:
ಹ್ಹಹ್ಹಾ! ಸಾವೇರಿ ಸಾರ್, ಬೆಂಗಳೂರಿನಲ್ಲಿದ್ದರೆ ಮನೆಗೆ ಬನ್ನಿ, ತಟ್ಟೆಯಲ್ಲೇ ಕೇಳೋಣ. ಅಪ್ಪನಿಗೂ ತಾಳ ಹಾಕೋಕೆ ಜೊತೆ ಬೇಕಂತೆ. ಕಾಫಿ ನನ್ನದು. ಗೋಬಿ ಮಂಚೂರಿ ದೋಸೆ ಮೂಲೆಯ ಹೋಟೆಲಿನಲ್ಲಿ ಸಿಗುತ್ತೆ.

ಬಂಟ್ವಾಳದ ಹುಡುಗಿ:
ನಿಮ್ಮ ಮಾತೆಲ್ಲ ಓದಿ ಅಟ್ಟದಿಂದ ಅಜ್ಜನ ನಾಗಸ್ವರ ಇಳಿಸಿದೆ. ಚೀಲದ ದಾರಕ್ಕೆ ನಾಲ್ಕು ಓಲೆ ಇನ್ನೂ ನೇತಾಡ್ತಿವೆ, ಮೂರು ಸೀಳಿಹೋಗಿವೆ. ಒಂದನ್ನು ಬಾಯಲ್ಲಿಟ್ಟು ನೆನೆಸಿ ಊದಿದೆ. ಬರೀ ಗಾಳಿ. ಅಮ್ಮ ಅಡುಗೆಮನೆಯಿಂದ 'ಕೆನ್ನೆ ಉಬ್ಬಿಸಬೇಡ, ಹೊಟ್ಟೆಯಿಂದ ಊದು' ಅಂದರು. ಅಮ್ಮನಿಗೆ ಇದು ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹೊಸ ಓಲೆ ಎಲ್ಲಿ ಸಿಗುತ್ತೆ ಅಂತ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಹೇಳಿ.